ಕಣ್ಣಿನ ಒತ್ತಡಕ್ಕೆ ಹಗಲು-ರಾತ್ರಿಯ ಕಾವಲು: ಓದುಗರ ಪ್ರಶ್ನೆ, ನೇತ್ರತಜ್ಞರ ಉತ್ತರ

ಹಿಂದಿನ ಸಂಚಿಕೆಯಲ್ಲಿ ಗ್ಲಾಕೋಮಾ (ಹೆಚ್ಚಾಗಿ ಕಣ್ಣಿನೊಳಗಿನ ಒತ್ತಡದಿಂದ ದೃಷ್ಟಿನರ ಸವೆದು ನೋಟ ಕುಗ್ಗುವ ರೋಗ) ಕುರಿತ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ, ಕಣ್ಣಿನ ಒತ್ತಡದ ಏರಿಳಿತವನ್ನು ದಿನವಿಡೀ ದಾಖಲಿಸುವ ಕಾಂಟ್ಯಾಕ್ಟ್ ಲೆನ್ಸ್ ಒಂದಿದೆ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆ. ಉಳಿದ ಎರಡು ಪುಟಗಳಿಗೆ ಬಾರದಷ್ಟು ಪತ್ರಗಳು ಆ ಒಂದು ಸಾಲಿಗೆ ಬಂದಿವೆ. ಅವುಗಳಲ್ಲಿ ಕೆಲವನ್ನು ಆರಿಸಿಕೊಂಡು ಈ ಸಲದ ಅಂಕಣವನ್ನು ಆ ಲೆನ್ಸಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನಗೆ 67 ವರ್ಷ, ನಿವೃತ್ತ ಶಿಕ್ಷಕ. ನಾಲ್ಕು ವರ್ಷಗಳಿಂದ ಗ್ಲಾಕೋಮಾಕ್ಕೆ ಹನಿ ಔಷಧ ಹಾಕಿಕೊಳ್ಳುತ್ತಿದ್ದೇನೆ. ತಪಾಸಣೆಗೆ ಹೋದಾಗಲೆಲ್ಲ ಒತ್ತಡ 15 ಅಥವಾ 16 ಇರುತ್ತದೆ. ಆದರೂ ಈ ಸಲ ಫೀಲ್ಡ್ ಟೆಸ್ಟ್ ಮಾಡಿ, ದೃಷ್ಟಿಯ ವ್ಯಾಪ್ತಿ ಇನ್ನಷ್ಟು ಕುಗ್ಗಿದೆ ಎಂದರು. ಒತ್ತಡ ಸರಿಯಾಗಿದ್ದರೂ ಹೀಗಾಗುವುದೇಕೆ? ನೀವು ಹೇಳಿದ ಲೆನ್ಸ್ ಹಾಕಿಸಿಕೊಂಡರೆ ಉಪಯೋಗವಾದೀತೇ?
(ಓದುಗರು, ಶಿವಮೊಗ್ಗ)

ಉತ್ತರ: ನಿಮ್ಮ 15, 16 ಎಂಬ ಅಂಕಿಗಳು ಸುಳ್ಳಲ್ಲ. ಆದರೆ ಅವು ನೀವು ಗಲ್ಲವನ್ನು ಆಸರೆಯ ಮೇಲಿಟ್ಟು, ಹಣೆಯನ್ನು ಪಟ್ಟಿಗೆ ಒತ್ತಿ ಕುಳಿತಿದ್ದ ಆ ಕೆಲವು ಕ್ಷಣಗಳಿಗೆ ಮಾತ್ರ ನಿಜ. ವೈದ್ಯರು ಕಣ್ಣಿಗೆ ಮರಗಟ್ಟಿಸುವ ಹನಿಯನ್ನೂ ಹಳದಿ ಬಣ್ಣವನ್ನೂ ಹಾಕಿ, ನೀಲಿ ಬೆಳಕಿನ ಪುಟ್ಟ ಪಾರದರ್ಶಕ ತುದಿಯನ್ನು ಕಾರ್ನಿಯಾಕ್ಕೆ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ, ತಾಗಿಸಿದಾಗ ಅವರಿಗೆ ಎರಡು ಹಸಿರು ಅರ್ಧವೃತ್ತಗಳು ಕಾಣುತ್ತವೆ. ಅವುಗಳ ಒಳ ಅಂಚುಗಳು ಒಂದಕ್ಕೊಂದು ಮುಟ್ಟುವವರೆಗೆ ಪಕ್ಕದ ಗುಂಡಿಯನ್ನು ತಿರುಗಿಸಿ, ಅಲ್ಲಿ ಬಂದ ಅಂಕಿಯನ್ನು ಚೀಟಿಯಲ್ಲಿ ಬರೆಯುತ್ತಾರೆ. ಸ್ವಿಟ್ಜರ್‌ಲೆಂಡಿನ ಬರ್ನ್ ನಗರದ ಹಾನ್ಸ್ ಗೋಲ್ಡ್‌ಮನ್ 1950ರ ದಶಕದಲ್ಲಿ ರೂಪಿಸಿದ ಈ ಉಪಕರಣವನ್ನೇ ಇಂದಿಗೂ ಜಗತ್ತಿನೆಲ್ಲೆಡೆ ಅಳತೆಗೋಲಾಗಿ ಬಳಸುತ್ತೇವೆ. ಅದರ ತೊಂದರೆ ಒಂದೇ: ಅದು ನಮ್ಮ ಕೆಲಸದ ವೇಳೆಯಲ್ಲಿ ಮಾತ್ರ ಅಳೆಯುತ್ತದೆ, ಕಣ್ಣಿಗಾದರೋ ಕೆಲಸದ ವೇಳೆ ಎಂಬುದಿಲ್ಲ.

ಕಣ್ಣಿನೊಳಗೆ ನಿಮಿಷಕ್ಕೆ ಎರಡು, ಎರಡೂವರೆ ಮೈಕ್ರೋಲೀಟರಿನಷ್ಟು ತಿಳಿದ್ರವ ಸದಾ ಉತ್ಪತ್ತಿಯಾಗುತ್ತಿರುತ್ತದೆ ಮತ್ತು ಕಾರ್ನಿಯಾದ ಅಂಚಿನಲ್ಲಿರುವ ಸೂಕ್ಷ್ಮ ಜಾಲರಿಯ ಮೂಲಕ ಸೋಸಿಕೊಂಡು ರಕ್ತನಾಳಗಳಿಗೆ ಹರಿದುಹೋಗುತ್ತದೆ. ಒಳಹರಿವು ಮತ್ತು ಹೊರಹರಿವಿನ ಲೆಕ್ಕ ಹೊಂದಿಕೊಂಡಿರುವವರೆಗೆ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದ ನಡುವೆ ಇರುತ್ತದೆ. ರಾತ್ರಿ ನಿದ್ರೆಯಲ್ಲಿ ಈ ದ್ರವದ ಉತ್ಪಾದನೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಹಾಗಿರುವಾಗ ಒತ್ತಡವೂ ಇಳಿಯಬೇಕಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ವಾಸ್ತವದಲ್ಲಿ ಅದು ಏರುತ್ತದೆ. ಅಡ್ಡ ಮಲಗಿದಾಗ ತಲೆಯ ಭಾಗದ ಅಭಿಧಮನಿಗಳಲ್ಲಿ ಒತ್ತಡ ಹೆಚ್ಚಿ, ಕಣ್ಣಿನ ದ್ರವ ಹೊರಹೋಗುವ ದಾರಿಗೆ ಎದುರೊತ್ತು ಬೀಳುವುದೇ ಇದಕ್ಕೆ ಮುಖ್ಯ ಕಾರಣ. ಹೀಗಾಗಿ ಬಹಳಷ್ಟು ಜನರಲ್ಲಿ ಒತ್ತಡದ ಶಿಖರ ಇರುವುದು ಆಸ್ಪತ್ರೆಯ ಬಾಗಿಲು ತೆರೆಯುವ ಮೊದಲು, ಬೆಳಗಿನ ಜಾವದ ಹೊತ್ತಿನಲ್ಲಿ. ಆರೋಗ್ಯವಂತರ ಕಣ್ಣಿನಲ್ಲಿ ದಿನದ ಏರಿಳಿತ ಎರಡರಿಂದ ಆರು ಮಿಲಿಮೀಟರಿನಷ್ಟಿದ್ದರೆ, ಗ್ಲಾಕೋಮಾ ಇರುವವರಲ್ಲಿ ಅದು ಹತ್ತನ್ನೂ ಮೀರಬಹುದು.

ನನ್ನ ಬಳಿ ಬರುತ್ತಿದ್ದ ಅಡಿಕೆ ಬೆಳೆಗಾರರೊಬ್ಬರ ನೆನಪಾಗುತ್ತದೆ. ಅವರ ಊರಿನ ಬಸ್ಸು ತಲುಪುವುದೇ ಹನ್ನೊಂದಕ್ಕೆ, ಆದ್ದರಿಂದ ವರ್ಷಗಟ್ಟಲೆ ಅವರ ಚೀಟಿಯಲ್ಲಿದ್ದ ಎಲ್ಲ ಅಂಕಿಗಳೂ ಹನ್ನೊಂದೂವರೆಯ ಅಂಕಿಗಳೇ: 14, 15, 14. ದೃಷ್ಟಿನರ ಮಾತ್ರ ಸವೆಯುತ್ತಲೇ ಇತ್ತು. ಕೊನೆಗೆ ಒಂದು ರಾತ್ರಿ ಒಳರೋಗಿಯಾಗಿ ಉಳಿಸಿಕೊಂಡು ನಸುಕಿನ ಐದಕ್ಕೆ, ಹಾಸಿಗೆಯಿಂದ ಎಬ್ಬಿಸಿದ ಕೂಡಲೇ ಅಳೆದಾಗ 24 ಬಂತು. ಅವರು ‘ಹಾಗಾದರೆ ಇಷ್ಟು ವರ್ಷ ಅಳೆದಿದ್ದು ಬಸ್ಸಿನ ಟೈಮನ್ನೇ’ ಎಂದು ನಕ್ಕರು. ನನಗೆ ನಗು ಬರಲಿಲ್ಲ.

ನೀವು ಕೇಳಿದ ಲೆನ್ಸ್ ಉಪಯೋಗಕ್ಕೆ ಬರುವುದು ಇಂಥ ಸಂದರ್ಭದಲ್ಲೇ, ಅಂದರೆ ಆಸ್ಪತ್ರೆಯ ಅಂಕಿ ಒಂದು ಹೇಳಿ ನರ ಇನ್ನೊಂದು ಹೇಳುವಾಗ. ಆದರೆ ಅದಕ್ಕೂ ಮೊದಲು ಬೇರೆ ಮೂರು ವಿಷಯಗಳನ್ನು ನಿಮ್ಮ ವೈದ್ಯರ ಬಳಿ ಇತ್ಯರ್ಥ ಮಾಡಿಕೊಳ್ಳಿ. ನಿಮ್ಮ ಕಾರ್ನಿಯಾದ ದಪ್ಪ ಎಷ್ಟು ಎಂಬುದು ಮೊದಲನೆಯದು, ಏಕೆಂದರೆ ಅದು ತೆಳುವಾಗಿದ್ದರೆ ಗೋಲ್ಡ್‌ಮನ್ ಉಪಕರಣ ನಿಜಕ್ಕಿಂತ ಕಡಿಮೆ ಅಂಕಿ ತೋರಿಸುತ್ತದೆ. ರಾತ್ರಿ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ತಿಳಿಸಿ. ನಿದ್ರೆಯಲ್ಲಿ ರಕ್ತದೊತ್ತಡ ತೀರ ಇಳಿದರೆ ದೃಷ್ಟಿನರಕ್ಕೆ ರಕ್ತ ಸಾಲದೆ ಹೋಗಬಹುದು (ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಹೊತ್ತು ಬದಲಿಸುವ ತೀರ್ಮಾನ ವೈದ್ಯರದು). ಮೂರನೆಯದನ್ನು ಕೇಳಲು ನನಗೂ ಮುಜುಗರ: ಹನಿಯನ್ನು ನಿತ್ಯ ತಪ್ಪದೆ ಹಾಕುತ್ತಿದ್ದೀರಾ, ಅಥವಾ ತಪಾಸಣೆಯ ವಾರ ಮಾತ್ರ ನೆನಪಾಗುತ್ತದೆಯೇ? ಹಾಗೆ ಮಾಡುವವರ ಅಂಕಿಗಳೂ ತಪಾಸಣೆಯ ದಿನ ಬಲು ಚೆನ್ನಾಗಿರುತ್ತವೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಕಣ್ಣಿನ ಒಳಗಿನ ಒತ್ತಡವನ್ನು ಹೊರಗೆ ಕೂತ ಲೆನ್ಸ್ ಅಳೆಯುವುದು ಹೇಗೆ? ಅದರಲ್ಲಿ ಬ್ಯಾಟರಿ ಇರುತ್ತದೆಯೇ?
(ಓದುಗರು, ಹುಬ್ಬಳ್ಳಿ)

ಉತ್ತರ: ಲೆನ್ಸ್ ಒತ್ತಡವನ್ನು ನೇರವಾಗಿ ಅಳೆಯುವುದೇ ಇಲ್ಲ. ಒತ್ತಡ ಏರಿದಾಗ ಕಣ್ಣುಗುಡ್ಡೆ ಕೂದಲೆಳೆಗಿಂತಲೂ ಕಡಿಮೆ ಹಿಗ್ಗುತ್ತದೆ, ಆ ಹಿಗ್ಗುವಿಕೆಯನ್ನು ಅದು ಅಳೆಯುತ್ತದೆ. ಕಾರ್ನಿಯಾದ ವಕ್ರತೆಯ ತ್ರಿಜ್ಯ ಸರಾಸರಿ 7.8 ಮಿಲಿಮೀಟರ್, ಒತ್ತಡ ಒಂದು ಮಿಲಿಮೀಟರ್ ಪಾದರಸದಷ್ಟು ಬದಲಾದರೆ ಈ ತ್ರಿಜ್ಯ ಸುಮಾರು ಮೂರು ಮೈಕ್ರಾನ್ ಬದಲಾಗುತ್ತದೆ ಎಂಬ ಲೆಕ್ಕದ ಮೇಲೆ ಇಡೀ ಉಪಕರಣ ನಿಂತಿದೆ. ಮೂರು ಮೈಕ್ರಾನ್ ಎಂದರೆ ತಲೆಗೂದಲಿನ ದಪ್ಪದ ಇಪ್ಪತ್ತರಲ್ಲಿ ಒಂದು ಪಾಲು.

ಈ ಬಗೆಯ ಲೆನ್ಸ್‌ಗಳಲ್ಲಿ ಆಸ್ಪತ್ರೆಯ ಬಳಕೆಯವರೆಗೆ ಬಂದದ್ದು ಸ್ವಿಟ್ಜರ್‌ಲೆಂಡಿನ ಲೊಸಾನ್ ನಗರದ ಸೆನ್ಸಿಮೆಡ್ ಕಂಪನಿಯ ‘ಟ್ರಿಗರ್‌ಫಿಶ್’. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಮಟ್ಟಿಯೊ ಲಿಯೊನಾರ್ಡಿ ಎಂಬ ಸಂಶೋಧಕರು ಇದರ ಮೂಲ ಕೆಲಸ ಮಾಡಿದರು. 2004ರಲ್ಲಿ ಪ್ರಕಟವಾದ ಮೊದಲ ಪ್ರಯೋಗಗಳು ನಡೆದದ್ದು ಹಂದಿಯ ಕಣ್ಣುಗಳ ಮೇಲೆ. ಮೃದುವಾದ ಸಿಲಿಕೋನ್ ಲೆನ್ಸಿನೊಳಗೆ, ಸುಮಾರು 11.5 ಮಿಲಿಮೀಟರ್ ವ್ಯಾಸದ ವರ್ತುಲದಲ್ಲಿ, ಎಳೆದಾಗ ವಿದ್ಯುತ್ ರೋಧ ಬದಲಾಗುವ ಲೋಹದ ಅತಿ ತೆಳು ಪಟ್ಟಿಗಳನ್ನು ಹುದುಗಿಸಿರುತ್ತಾರೆ. ಆ ವರ್ತುಲ ಕಾರ್ನಿಯಾ ಮತ್ತು ಬಿಳಿಗುಡ್ಡೆ ಸೇರುವ ಗಡಿಯ ಮೇಲೆ ಬರುತ್ತದೆ. ಒತ್ತಡಕ್ಕೆ ಕಣ್ಣು ಹೆಚ್ಚು ಸ್ಪಂದಿಸುವುದು ಅಲ್ಲೇ. ಎರಡು ಪಟ್ಟಿಗಳು ಹಿಗ್ಗನ್ನು ಗ್ರಹಿಸಿದರೆ ಇನ್ನೆರಡು ಉಷ್ಣತೆಯ ಏರುಪೇರನ್ನು ಸರಿದೂಗಿಸುತ್ತವೆ. ನಾಲ್ಕೂ ಸೇರಿದರೆ ನೀವು ಪಿಯುಸಿ ಪ್ರಯೋಗಾಲಯದಲ್ಲಿ ಜೋಡಿಸಿದ್ದ, ವಿದ್ಯುತ್ ರೋಧದ ಸಣ್ಣ ಬದಲಾವಣೆಯನ್ನೂ ಹಿಡಿಯುವ ವೀಟ್‌ಸ್ಟೋನ್ ಬ್ರಿಜ್ಜೇ.

ಲೆನ್ಸಿನಲ್ಲಿ ಬ್ಯಾಟರಿ ಇಲ್ಲ. ಅದರೊಳಗೆ ಒಂದು ಪುಟ್ಟ ಎಲೆಕ್ಟ್ರಾನಿಕ್ ಚಿಪ್ಪೂ ಚಿನ್ನದ ಬಣ್ಣದ ಉಂಗುರದಂತೆ ಕಾಣುವ ಆಂಟೆನಾವೂ ಇರುತ್ತವೆ. ಕಣ್ಣಿನ ಸುತ್ತ ಚರ್ಮಕ್ಕೆ ಅಂಟಿಸುವ ಇನ್ನೊಂದು ಆಂಟೆನಾ ಗಾಳಿಯಲ್ಲೇ ಶಕ್ತಿಯನ್ನು ಕಳುಹಿಸಿ ಮಾಹಿತಿಯನ್ನು ತರಿಸಿಕೊಳ್ಳುತ್ತದೆ. ಅಲ್ಲಿಂದ ಒಂದು ತಂತಿ ಇಳಿದು, ಕೊರಳಿಗೋ ಸೊಂಟಕ್ಕೋ ತೂಗುಹಾಕಿದ ದಾಖಲೆ ಪೆಟ್ಟಿಗೆಗೆ ಸೇರುತ್ತದೆ. ಐದು ನಿಮಿಷಕ್ಕೊಮ್ಮೆ ಮೂವತ್ತು ಸೆಕೆಂಡು, ಪ್ರತಿ ಸಲಕ್ಕೆ 300 ಅಳತೆ, ದಿನಕ್ಕೆ 288 ಸಲ. ಗುಣಿಸಿದರೆ 86,400 ಬರುತ್ತದೆ. ದಿನಕ್ಕಿರುವ ಸೆಕೆಂಡುಗಳೂ ಅಷ್ಟೇ ಎಂಬುದು ಕಾಕತಾಳೀಯ.

ಇನ್ನು ನೀವು ಕೇಳದಿದ್ದರೂ ಹೇಳಲೇಬೇಕಾದ ಮಾತು. ಈ ಲೆನ್ಸ್ ಕೊಡುವ ಫಲಿತಾಂಶ ಮಿಲಿಮೀಟರ್ ಪಾದರಸದಲ್ಲಿ ಇರುವುದಿಲ್ಲ, ಮಿಲಿವೋಲ್ಟಿಗೆ ಸಮನಾದ ಒಂದು ಮಾನದಲ್ಲಿರುತ್ತದೆ; ಈ ಮಾನವನ್ನು ಮಿಲಿಮೀಟರ್ ಪಾದರಸಕ್ಕೆ ಪರಿವರ್ತಿಸುವ ನಂಬಲರ್ಹ ಸೂತ್ರವಿಲ್ಲ. ಒಬ್ಬರ ಕಾರ್ನಿಯಾ ಗಡುಸು, ಇನ್ನೊಬ್ಬರದು ಮೆತು. ನಿದ್ರೆಯಲ್ಲಿ ಲೆನ್ಸಿನಡಿ ಕಾರ್ನಿಯಾ ತುಸು ಊದಿಕೊಳ್ಳುತ್ತದೆ, ಅದೂ ಹಿಗ್ಗಿನಂತೆಯೇ ದಾಖಲಾಗಬಹುದು. ಆದ್ದರಿಂದ ಲೆನ್ಸಿನ ರೇಖಾಚಿತ್ರ ‘ನಿಮ್ಮ ಒತ್ತಡ ನಾಲ್ಕು ಗಂಟೆಗೆ 26 ಇತ್ತು’ ಎಂದು ಹೇಳಲಾರದು. ‘ನಾಲ್ಕು ಗಂಟೆಯ ಸುಮಾರಿಗೆ ಏನೋ ಏರಿತ್ತು’ ಎಂದಷ್ಟೇ ಹೇಳುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರ ಮಾರ್ಚ್‌ನಲ್ಲಿ ಇದಕ್ಕೆ ಅನುಮತಿ ಕೊಟ್ಟಾಗಲೂ ಇದನ್ನೇ ಹೇಳಿತು: 22 ವರ್ಷ ದಾಟಿದವರಲ್ಲಿ, ಗರಿಷ್ಠ 24 ಗಂಟೆಗಳ ಕಾಲ ಏರಿಳಿತದ ವಿನ್ಯಾಸವನ್ನು ನೋಡಿ, ಮಾಮೂಲಿ ಉಪಕರಣದಿಂದ ಯಾವ ಹೊತ್ತಿನಲ್ಲಿ ಅಳೆಯಬೇಕು ಎಂಬುದನ್ನು ಗುರುತಿಸಲು ಮಾತ್ರ. ರೋಗ ಪತ್ತೆಹಚ್ಚುವ ಉಪಕರಣವೆಂದು ಅದಕ್ಕೆ ಅನುಮತಿ ಸಿಕ್ಕಿಲ್ಲ. ಪತ್ರಿಕಾ ಸುದ್ದಿಗಳಲ್ಲಿ ಈ ವ್ಯತ್ಯಾಸ ಕಾಣೆಯಾಗುವುದೇ ಹೆಚ್ಚು.

ಪ್ರಶ್ನೆ: ಲೆನ್ಸ್ ಹಾಕಿಕೊಂಡು ಮಲಗಬಾರದು ಎಂದು ನೀವೇ ಈ ಅಂಕಣದಲ್ಲಿ ಬರೆದಿದ್ದಿರಿ. ಇದನ್ನು ಮಾತ್ರ ರಾತ್ರಿಯಿಡೀ ಹಾಕಿಕೊಳ್ಳಬಹುದೇ?
(ಓದುಗರು, ತುಮಕೂರು)

ಉತ್ತರ: ಬರೆದದ್ದು ಹೌದು, ಅದನ್ನು ಹಿಂತೆಗೆದುಕೊಳ್ಳುವುದಿಲ್ಲ. ಇದು ವೈದ್ಯರ ಕಣ್ಗಾವಲಿನಲ್ಲಿ ಒಂದೇ ದಿನಕ್ಕೆ, ಸಾಮಾನ್ಯವಾಗಿ ಒಂದೇ ಕಣ್ಣಿಗೆ ಹಾಕಿ ತೆಗೆದು ಬಿಸಾಡುವ ಲೆನ್ಸ್. ಸಾಮಾನ್ಯ ಲೆನ್ಸಿಗಿಂತ ಐದಾರು ಪಟ್ಟು ದಪ್ಪ. ನಡುವೆ ಅರ್ಧ ಮಿಲಿಮೀಟರಿಗೂ ಮೇಲಿದೆ. ತೆಗೆದ ಮೇಲೆ ಕಣ್ಣು ಕೆಂಪಾಗುವುದು, ದೃಷ್ಟಿ ಕೆಲವು ಗಂಟೆ ಮಸುಕಾಗುವುದು, ಕಾರ್ನಿಯಾದ ಮೇಲೆ ಸಣ್ಣ ತರಚು ಕಾಣಿಸುವುದು ಅಪರೂಪವಲ್ಲ. ಬಹುಮಟ್ಟಿಗೆ ಇವು ಒಂದೆರಡು ದಿನದಲ್ಲಿ ತಾವಾಗಿ ಸರಿಹೋಗುತ್ತವೆ. ಆ ದಿನ ವಾಹನ ಓಡಿಸಬಾರದು, ತಲೆಗೆ ಸ್ನಾನವಿಲ್ಲ. ಮುಖದ ಮೇಲೆ ಪಟ್ಟಿ, ಕೊರಳಲ್ಲಿ ತಂತಿ ಇರುವುದರಿಂದ ಮದುವೆ ಮನೆಗೆ ಹೋಗುವ ದಿನವಂತೂ ಬೇಡ.

ಪ್ರಶ್ನೆ: ನನಗೆ 52 ವರ್ಷ. ಇಪ್ಪತ್ತು ವರ್ಷಗಳಿಂದ ಯೋಗಾಭ್ಯಾಸವಿದೆ, ನಿತ್ಯ ಶೀರ್ಷಾಸನ ಮಾಡುತ್ತೇನೆ. ಬೆಳಗ್ಗೆ ಎದ್ದ ಕೂಡಲೇ ಒಂದು ಲೀಟರ್ ನೀರು ಕುಡಿಯುವ ರೂಢಿಯೂ ಇದೆ. ಇತ್ತೀಚೆಗೆ ಗ್ಲಾಕೋಮಾದ ಆರಂಭಿಕ ಲಕ್ಷಣಗಳಿವೆ ಎಂದಿದ್ದಾರೆ. ಲೆನ್ಸ್ ಹಾಕಿಕೊಂಡು ಆಸನ ಮಾಡಿ, ಒತ್ತಡ ಏರುತ್ತದೆಯೋ ಇಲ್ಲವೋ ನೋಡಬಹುದೇ?
(ಓದುಗರು, ಮೈಸೂರು)

ಉತ್ತರ: ನೋಡಲು ಲೆನ್ಸ್ ಬೇಕಿಲ್ಲ, ಆಗಲೇ ನೋಡಿ ಆಗಿದೆ. ಚೆನ್ನೈನ ನೇತ್ರತಜ್ಞರು 75 ಮಂದಿ ಯೋಗಾಭ್ಯಾಸಿಗಳನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಶೀರ್ಷಾಸನದಲ್ಲಿರುವಾಗ ಕಣ್ಣಿನ ಒತ್ತಡ ಸುಮಾರು ಎರಡು ಪಟ್ಟಾಗುತ್ತದೆ ಮತ್ತು ಕೆಳಗಿಳಿದ ಕೆಲವೇ ನಿಮಿಷಗಳಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತದೆ. ವರ್ಷಗಳಿಂದ ಆಸನ ಮಾಡುತ್ತಿದ್ದ ಆ ಜನರಲ್ಲಿ ಅಧಿಕ ಒತ್ತಡದ ತೊಂದರೆ ಬೇರೆಯವರಿಗಿಂತ ಹೆಚ್ಚೇನೂ ಕಂಡುಬರಲಿಲ್ಲ ಎಂಬುದನ್ನೂ ನ್ಯಾಯವಾಗಿ ಹೇಳಬೇಕು. ಆದರೆ ಅವರದು ಆರೋಗ್ಯವಂತ ನರ, ನಿಮ್ಮ ನರ ಆಗಲೇ ಪೆಟ್ಟು ತಿಂದಿದೆ. ಅದಕ್ಕೆ ದಿನಕ್ಕೊಮ್ಮೆ ಒತ್ತಡವನ್ನು ಇಮ್ಮಡಿಗೊಳಿಸುವ ಸಾಹಸ ಬೇಡ. ಅಧೋಮುಖ ಶ್ವಾನಾಸನ, ಹಲಾಸನಗಳಂತಹ ತಲೆ ಕೆಳಗಾಗುವ ಆಸನಗಳನ್ನೂ ಇದೇ ಸಾಲಿಗೆ ಸೇರಿಸಿ. ಕುಳಿತು ಮಾಡುವ ಆಸನಗಳಿಗೂ ಉಸಿರು ಬಿಗಿಹಿಡಿಯದ ಪ್ರಾಣಾಯಾಮಕ್ಕೂ ನನ್ನ ಅಡ್ಡಿಯಿಲ್ಲ.

ನಿಮ್ಮ ಉಪಾಯದಲ್ಲಿ ಇನ್ನೊಂದು ತೊಡಕೂ ಇದೆ. ಲೆನ್ಸ್ ಐದು ನಿಮಿಷದಲ್ಲಿ ನಾಲ್ಕೂವರೆ ನಿಮಿಷ ಸುಮ್ಮನಿರುತ್ತದೆ ಎಂದು ಮೇಲೆ ಹೇಳಿದೆನಷ್ಟೇ. ನಿಮ್ಮ ಎರಡು ನಿಮಿಷದ ಶೀರ್ಷಾಸನ ಆ ಬಿಡುವಿನಲ್ಲೇ ಮುಗಿದುಹೋದರೆ ರೇಖೆ ನೆಟ್ಟಗೇ ಇರುತ್ತದೆ, ನೀವು ಏನೂ ಆಗಲಿಲ್ಲವೆಂದು ನೆಮ್ಮದಿಯಾಗಿರುತ್ತೀರಿ.

ನೀರಿನ ವಿಷಯ ಕೇಳಿದ್ದು ಒಳ್ಳೆಯದಾಯಿತು. ಒಂದು ಲೀಟರ್ ನೀರನ್ನು ಐದು ನಿಮಿಷದಲ್ಲಿ ಕುಡಿಸಿ, ಹದಿನೈದು ನಿಮಿಷಕ್ಕೊಮ್ಮೆ ಒತ್ತಡ ಅಳೆಯುವುದು ನಮ್ಮಲ್ಲಿ ಒಂದು ಪರೀಕ್ಷೆಯೇ ಆಗಿದೆ. ದ್ರವ ಹೊರಹೋಗುವ ದಾರಿ ಎಷ್ಟು ಸಮರ್ಥವಾಗಿದೆ ಎಂದು ತಿಳಿಯಲು ಬೇಕೆಂದೇ ಒತ್ತಡ ಏರಿಸುವ ವಿಧಾನವದು. ನೀವು ಉಷಃಪಾನದ ಹೆಸರಿನಲ್ಲಿ ಆ ಪರೀಕ್ಷೆಯನ್ನು ನಿತ್ಯ ನಿಮ್ಮ ಮೇಲೆ ಮಾಡಿಕೊಳ್ಳುತ್ತಿದ್ದೀರಿ, ಅದೂ ಒತ್ತಡ ಮೊದಲೇ ಮೇಲಿರಬಹುದಾದ ಹೊತ್ತಿನಲ್ಲಿ. ಅದೇ ನೀರನ್ನು ಒಂದೆರಡು ಗಂಟೆಗಳಲ್ಲಿ ಸ್ವಲ್ಪಸ್ವಲ್ಪವಾಗಿ ಕುಡಿಯಿರಿ.

ಪ್ರಶ್ನೆ: ನನ್ನ ಬಿಪಿ ಸದಾ 120/80 ಇರುತ್ತದೆ. ಕಣ್ಣಿನ ಒತ್ತಡ ಪರೀಕ್ಷಿಸಿಕೊಳ್ಳುವ ಅಗತ್ಯವಿದೆಯೇ?
(ಓದುಗರು, ಕಲಬುರಗಿ)

ಉತ್ತರ: ಇದೆ. ತೋಳಿನಲ್ಲಿ ಅಳೆಯುವ ಒತ್ತಡದಿಂದ ಕಣ್ಣಿನ ಒತ್ತಡ ಎಷ್ಟಿದೆ ಎಂಬುದು ತಿಳಿಯುವುದಿಲ್ಲ. ನಲವತ್ತು ದಾಟಿದ್ದರೆ, ಅದರಲ್ಲೂ ತಂದೆ-ತಾಯಿ ಅಥವಾ ಒಡಹುಟ್ಟಿದವರಿಗೆ ಗ್ಲಾಕೋಮಾ ಇದ್ದರೆ, ಒತ್ತಡದ ಜೊತೆಗೆ ದೃಷ್ಟಿನರವನ್ನೂ ನೋಡಿಸಿಕೊಳ್ಳಿ. ಭಾರತದಲ್ಲಿ ನಲವತ್ತು ದಾಟಿದವರ ಪೈಕಿ 1.1 ಕೋಟಿಗೂ ಹೆಚ್ಚು ಜನರಿಗೆ ಗ್ಲಾಕೋಮಾ ಇದೆ ಎಂಬ ಅಂದಾಜಿದೆ, ಮತ್ತು ನಮ್ಮ ಜನಸಮುದಾಯ ಸಮೀಕ್ಷೆಗಳಲ್ಲಿ ರೋಗ ಪತ್ತೆಯಾದವರ ಪೈಕಿ ಬಹುಪಾಲು ಮಂದಿಗೆ ಅದುವರೆಗೆ ಅದರ ಸುಳಿವೇ ಇರಲಿಲ್ಲ.

ಪ್ರಶ್ನೆ: ಕಣ್ಣೀರಿನಿಂದ ಸಕ್ಕರೆ ಕಾಯಿಲೆ ಅಳೆಯುವ ಲೆನ್ಸ್ ಬರುತ್ತದೆ ಎಂದು ಹತ್ತು ವರ್ಷದ ಹಿಂದೆ ಓದಿದ್ದೆ. ಅದು ಏನಾಯಿತು? ಒಂದೇ ಲೆನ್ಸಿನಲ್ಲಿ ಎರಡೂ ಅಳೆಯಬಹುದೇ?
(ಓದುಗರು, ಮಂಗಳೂರು)

ಉತ್ತರ: ನೀವು ಓದಿದ್ದು ಗೂಗಲ್ 2014ರ ಜನವರಿಯಲ್ಲಿ ಪ್ರಕಟಿಸಿದ ಯೋಜನೆಯ ಬಗ್ಗೆ ಇರಬೇಕು. ಅದರ ಸೋದರ ಸಂಸ್ಥೆ ವೆರಿಲಿ, ಆಗ ಔಷಧ ಕಂಪನಿ ನೊವಾರ್ಟಿಸ್ ಬಳಗದಲ್ಲಿದ್ದ ಆಲ್ಕಾನ್ ಜೊತೆ ಸೇರಿ ನಾಲ್ಕು ವರ್ಷ ದುಡಿದು, 2018ರ ನವೆಂಬರಿನಲ್ಲಿ ಕೈಬಿಟ್ಟಿತು. ಕಣ್ಣೀರಿನ ಸಕ್ಕರೆಗೂ ರಕ್ತದ ಸಕ್ಕರೆಗೂ ವೈದ್ಯಕೀಯವಾಗಿ ನಂಬುವಷ್ಟು ಸಂಬಂಧ ಸಿಗಲಿಲ್ಲ ಎಂಬುದು ಅವರು ಕೊಟ್ಟ ಕಾರಣ. ಚಿಪ್ಪು, ಆಂಟೆನಾ ಎಲ್ಲವನ್ನೂ ಲೆನ್ಸಿನಲ್ಲಿ ಕೂರಿಸುವುದು ಅವರಿಗೆ ಸಾಧ್ಯವಾಯಿತು, ಕಣ್ಣೀರು ಒಪ್ಪಲಿಲ್ಲ. ಒತ್ತಡದ ಲೆನ್ಸಿಗೆ ಆ ಕಷ್ಟವಿಲ್ಲ, ಏಕೆಂದರೆ ಅದು ಅಳೆಯುವುದು ಕಣ್ಣನ್ನೇ. ಎರಡನ್ನೂ ಒಂದೇ ಲೆನ್ಸಿನಲ್ಲಿ ಅಳೆಯುವ ಪ್ರಯತ್ನವನ್ನು ದಕ್ಷಿಣ ಕೊರಿಯಾದ ಸಂಶೋಧಕರು 2017ರಲ್ಲಿ ವರದಿ ಮಾಡಿದ್ದಾರೆ. ಸಕ್ಕರೆಯನ್ನು ಮೊಲದ ಕಣ್ಣಿನಲ್ಲೂ ಒತ್ತಡವನ್ನು ಹಸುವಿನ ಬೇರ್ಪಡಿಸಿದ ಕಣ್ಣಿನಲ್ಲೂ ಪರೀಕ್ಷಿಸಿದ್ದರು.

ಪ್ರಶ್ನೆ: ಈ ಲೆನ್ಸ್ ಕನ್ನಡಕದ ಅಂಗಡಿಯಲ್ಲಿ ಸಿಗುತ್ತದೆಯೇ? ಸಿಗದಿದ್ದರೆ ರಾತ್ರಿಯ ಒತ್ತಡ ತಿಳಿಯಲು ಬೇರೆ ದಾರಿ ಏನು?
(ಓದುಗರು, ದಾವಣಗೆರೆ)

ಉತ್ತರ: ಅಂಗಡಿಯಲ್ಲಿ ಕೊಳ್ಳುವ ವಸ್ತು ಅದಲ್ಲ. ಜಗತ್ತಿನ ಬೇರೆ ಕಡೆಗಳಲ್ಲೂ ಅದು ನಿತ್ಯದ ಚಿಕಿತ್ಸೆಗಿಂತ ಹೆಚ್ಚಾಗಿ ಸಂಶೋಧನೆಗೇ ಬಳಕೆಯಾಗಿದೆ. ಒಂದು ದಿನದ ಬಳಕೆಗೆ ತಗಲುವ ಖರ್ಚು ಮತ್ತು ಕೊನೆಗೆ ಪಾದರಸದ ಅಂಕಿ ಸಿಗದಿರುವುದು, ಇವೆರಡೂ ಸೇರಿ ಅದನ್ನು ಅಲ್ಲಿಗೇ ನಿಲ್ಲಿಸಿವೆ ಎಂದು ನನ್ನ ಅಭಿಪ್ರಾಯ.

ನಮ್ಮ ದೊಡ್ಡ ಕಣ್ಣಾಸ್ಪತ್ರೆಗಳಲ್ಲಿ ‘ಡಯರ್ನಲ್’ ಎಂದು ಕೇಳಿ. ಬೆಳಗ್ಗೆಯಿಂದ ಸಂಜೆಯವರೆಗೆ ಎರಡು-ಮೂರು ಗಂಟೆಗೊಮ್ಮೆ ಒತ್ತಡ ಅಳೆದು ರೇಖೆ ಎಳೆಯುತ್ತಾರೆ. ರಾತ್ರಿಯದು ಅದರಲ್ಲಿ ಸಿಗದಿದ್ದರೂ, ಕೆಲವು ನಿಮಿಷ ಅಂಗಾತ ಮಲಗಿಸಿ ಅಳೆದರೆ ಒಂದು ಅಂದಾಜು ಸಿಗುತ್ತದೆ. ಫಿನ್‌ಲೆಂಡಿನ ಐಕೇರ್ ಕಂಪನಿಯ ಕೈಯಲ್ಲಿ ಹಿಡಿಯುವ ಉಪಕರಣವನ್ನು ರೋಗಿಯೇ ಮನೆಯಲ್ಲಿ ಬಳಸಬಹುದು. ಗುಂಡುಸೂಜಿಯ ತಲೆಯಂಥ ಹಗುರ ತುದಿಯೊಂದು ಕಾರ್ನಿಯಾಕ್ಕೆ ಕ್ಷಣಮಾತ್ರ ತಗುಲಿ ಪುಟಿಯುತ್ತದೆ, ಮರಗಟ್ಟಿಸುವ ಹನಿ ಬೇಕಾಗಿಲ್ಲ, ಅಂಕಿ ಪಾದರಸದಲ್ಲೇ ಬರುತ್ತದೆ. ಆದರೆ ಅದಕ್ಕೆ ನೀವು ಎದ್ದಿರಬೇಕು. ನಿದ್ರೆಗೆಡದೆ ಪಾದರಸದ ಅಂಕಿಯೂ ಬೇಕೆಂದರೆ ಜರ್ಮನಿಯ ಹ್ಯಾನೋವರಿನ ಕಂಪನಿಯೊಂದು ತಯಾರಿಸಿರುವ, ಕಣ್ಣಿನೊಳಗೇ ಶಸ್ತ್ರಚಿಕಿತ್ಸೆಯಿಂದ ಕೂರಿಸುವ ಸಂವೇದಕವಿದೆ. ಒಂದು ರೇಖಾಚಿತ್ರಕ್ಕಾಗಿ ಕಣ್ಣು ಕೊಯ್ಯಿಸಿಕೊಳ್ಳಿ ಎಂದು ನಾನಂತೂ ಯಾರಿಗೂ ಹೇಳಲಾರೆ. ಬೇರೆ ಕಾರಣಕ್ಕೆ ಹೇಗೂ ಶಸ್ತ್ರಚಿಕಿತ್ಸೆ ಆಗುತ್ತಿದ್ದರೆ ಆ ಮಾತು ಬೇರೆ.

ಪ್ರಶ್ನೆ: ಅತ್ತೆಗೆ ರಾತ್ರಿ ಮಲಗುವಾಗ ಒಂದು ಹನಿ, ಬೆಳಗ್ಗೆ ಮತ್ತು ಸಂಜೆ ಇನ್ನೊಂದು ಔಷಧ ಬರೆದಿದ್ದಾರೆ. ರಾತ್ರಿಯೇ ಒತ್ತಡ ಹೆಚ್ಚಾಗುವುದಾದರೆ ಎಲ್ಲವನ್ನೂ ರಾತ್ರಿಗೇ ಹಾಕಬಾರದೇಕೆ? ಎರಡು ಹನಿ ಹಾಕಿದರೂ ಅರ್ಧ ಕೆನ್ನೆಗೇ ಹೋಗುತ್ತದೆ.
(ಓದುಗರು, ಧಾರವಾಡ)

ಉತ್ತರ: ರಾತ್ರಿಯದು ಲ್ಯಾಟನೊಪ್ರೋಸ್ಟ್ ಗುಂಪಿನದೂ ಹಗಲಿನದು ಟಿಮೊಲಾಲ್ ಎಂಬುದೂ ಆಗಿರಬಹುದು, ಬಾಟಲಿಯ ಮೇಲೆ ನೋಡಿ. ಮೊದಲನೆಯದು ದ್ರವ ಹೊರಹೋಗುವ ದಾರಿಯನ್ನು ಸುಗಮಗೊಳಿಸುತ್ತದೆ, ಹಗಲೂ ರಾತ್ರಿಯೂ ಕೆಲಸ ಮಾಡುತ್ತದೆ. ಎರಡನೆಯದು ದ್ರವದ ಉತ್ಪಾದನೆಯನ್ನು ತಗ್ಗಿಸುವಂಥದ್ದು. ನಿದ್ರೆಯಲ್ಲಿ ಉತ್ಪಾದನೆ ತಾನಾಗಿಯೇ ತಗ್ಗಿರುವುದರಿಂದ ಆಗ ಅದಕ್ಕೆ ಮಾಡಲು ಹೆಚ್ಚು ಕೆಲಸವಿರುವುದಿಲ್ಲ. ಆದ್ದರಿಂದ ಬರೆದುಕೊಟ್ಟ ಹೊತ್ತನ್ನು ಬದಲಿಸಬೇಡಿ. ಅತ್ತೆಗೆ ಅಸ್ತಮಾ ಇದ್ದರೆ ಟಿಮೊಲಾಲ್ ಬಗ್ಗೆ ವೈದ್ಯರಿಗೆ ಕೂಡಲೇ ತಿಳಿಸಿ.

ಎರಡು ಹನಿ ಬೇಡ. ಒಂದು ಹನಿಯನ್ನೇ ಕಣ್ಣು ಪೂರ್ತಿ ಹಿಡಿದಿಟ್ಟುಕೊಳ್ಳಲಾರದು, ಎರಡನೆಯದು ಮೊದಲನೆಯದನ್ನೂ ತೊಳೆದುಕೊಂಡು ಹೋಗುತ್ತದೆ. ಅತ್ತೆಯನ್ನು ಮಲಗಿಸಿ, ಕೆಳರೆಪ್ಪೆಯನ್ನು ಬೆರಳಿನಿಂದ ತುಸು ಕೆಳಗೆಳೆದು, ಅಲ್ಲಿ ಉಂಟಾಗುವ ಪುಟ್ಟ ಜೋಳಿಗೆಗೆ ಒಂದೇ ಹನಿ ಬಿಡಿ. ಬಾಟಲಿಯ ತುದಿ ರೆಪ್ಪೆಗೆ ತಾಗಬಾರದು. ಬಳಿಕ ಕಣ್ಣನ್ನು ಪಿಳುಕಿಸದೆ ಮೆಲ್ಲನೆ ಮುಚ್ಚಿಸಿ, ಮೂಗಿನ ಬದಿಯ ಕಣ್ಣಿನ ಮೂಲೆಯನ್ನು ಎರಡು ನಿಮಿಷ ಒತ್ತಿ ಹಿಡಿಯಿರಿ. ಔಷಧ ಗಂಟಲಿಗೆ ಇಳಿಯದೆ ಕಣ್ಣಿನಲ್ಲೇ ಉಳಿಯುತ್ತದೆ. ಬೇರೆ ಔಷಧವೂ ಅದೇ ಹೊತ್ತಿಗೆ ಇದ್ದರೆ ನಡುವೆ ಐದು ನಿಮಿಷವಾದರೂ ಬಿಡಿ. ಬಾಟಲಿ ತೆರೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಟ್ಟುಕೊಂಡು, ಮುಂದಿನ ತಪಾಸಣೆಗೆ ಹೋಗುವಾಗ ಅದನ್ನೂ ಜೊತೆಗೆ ತೆಗೆದುಕೊಂಡು ಹೋಗಿ.